ಕ್ವಾಂಟರ ಚೆಲ್ಲೋ ಮತ್ತು ಕುದುರೆ ಕಷಾಯ

ನಮ್ಮೂರ ಔಷಧಿ ಅಂಗಡಿಯ ಲೆಬೆರೆಖ್ಟ್ ಕ್ವಾಂಟರು ತಂಗಿಯ ಗಂಡನೊಡನೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಕಾರಣ ಒಂದು ಕೆಮ್ಮು.

ಆ ಚಳಿಗಾಲ ಅವರು ಮೂರು ವಾರ ಕೆಮ್ಮಿದರು. ತಾವೇ ಅರೆದು ಕುದಿಸಿದ ಔಷಧಿಗಳಿಗೆ ಅದು ಜಗ್ಗಲಿಲ್ಲ. ನೋಡಲಾರದೆ ತಂಗಿ ರೀಕೆ, ದನಕುದುರೆಗಳ ವೈದ್ಯನಾದ ತನ್ನ ಗಂಡ ಟೀಲೆ ಕುದುರೆಗೆಂದು ಕಾಸಿಟ್ಟಿದ್ದ ಕಷಾಯವನ್ನು ಬಿಸಿ ಬಿಯರಿನಲ್ಲಿ ಬೆರೆಸಿ ಅಣ್ಣನಿಗೆ ಕುಡಿಸಿಬಿಟ್ಟಳು. ಎರಡೇ ದಿನಕ್ಕೆ ಕೆಮ್ಮು ಮಾಯ. ಟೀಲೆಯ ಹೊಟ್ಟೆಯಲ್ಲಿ ಗುಟ್ಟು ನಿಲ್ಲಲಿಲ್ಲ. ಭಾನುವಾರ ಬಿಯರ್ ಅಂಗಡಿಯಲ್ಲಿ ಹೇಳಿ ನಗಿಸಿದ. ಮರುದಿನದಿಂದ ಗಿರಾಕಿಗಳು ಕ್ವಾಂಟರ ಸೀಸೆ ಹಿಡಿದು, ಇದನ್ನು ಮೊದಲು ಕುದುರೆಗೆ ಕುಡಿಸಿ ನೋಡಿದ್ದೀರಾ ಎಂದು ಕೇಳತೊಡಗಿದರು. ಅಲ್ಲಿಗೆ ಭಾವ ಮೈದುನರದು ಎಣ್ಣೆ ಸೀಗೆಕಾಯಿ ಸಂಬಂಧವಾಯಿತು.

ಊರಿನಲ್ಲಿ ಚೆಲ್ಲೋ ಎಂಬ ದೊಡ್ಡ ಪಿಟೀಲನ್ನು ನುಡಿಸುವವರು ಇಬ್ಬರೇ. ಅವರೇ ಇವರು.

1842ರಲ್ಲಿ ಯೂಲಿಯುಸ್ ವೆಂಡ್ರಿಖ್ ಎಂಬವನು ಮರದ ವ್ಯಾಪಾರಿಯ ಹೆಣ್ಣುಮಕ್ಕಳಿಗೆ ಪಿಯಾನೋ ಕಲಿಸಲು ಬಂದ. ಇವತ್ತು ಅವನ ಆಪೆರಾ ನೋಡಲೆಂದೇ ಜನ ಲೈಪ್ಸಿಗ್‌ವರೆಗೆ ಹೋಗುತ್ತಾರೆ. ಆಗ ಇಪ್ಪತ್ತಮೂರು ವಯಸ್ಸು, ಇದ್ದದ್ದೊಂದೇ ಕೋಟು, ಊಟಕ್ಕೆ ಯಾರು ಕರೆದರೂ ಹಾಜರು. ನಾಲ್ಕು ವಾದ್ಯಗಳಿಗೆ ಒಂದು ಕೃತಿ ಬರೆದು ನಮ್ಮನ್ನು ಕೂಡಿಸಿದ. ಪಿಟೀಲಿಗೆ ಅವನು ಮತ್ತು ಪೋಸ್ಟ್‌ಮಾಸ್ಟರು, ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಕ್ಕೆ ಶಾಲೆಯ ಮೇಷ್ಟ್ರಾದ ನಾನು, ಜೊತೆಗೆ ಒಂದು ಚೆಲ್ಲೋ. ಮೊದಲ ದಿನ ಎರಡು ಬಂದವು. ಇಬ್ಬರೂ ಕೂತರು, ಇಬ್ಬರೂ ಶ್ರುತಿ ಮಾಡಿಕೊಂಡರು, ಒಬ್ಬರೂ ಏಳಲಿಲ್ಲ.

ದಾರಿ ತೋರಿಸಿದವಳು ರೀಕೆ. ವೆಂಡ್ರಿಖ್‌ನನ್ನು ಊಟಕ್ಕೆ ಕೂರಿಸಿ, ಹುರಿದ ಹೆಬ್ಬಾತು ಬಡಿಸುತ್ತ, "ಎರಡು ಚೆಲ್ಲೋಗೆ ಬರೆದ್ರೆ ನಿನ್ನ ಗಂಟೇನಪ್ಪಾ ಹೋಗುತ್ತೆ?" ಎಂದಳಂತೆ. ಅಂಥದ್ದನ್ನು ಯಾರೂ ಅಚ್ಚು ಹಾಕುವುದಿಲ್ಲವೆಂದು ಅವನು ಗೋಳಾಡಿದ. ಆಕೆ ಇನ್ನೊಂದು ತುಂಡು ಬಡಿಸಿದಳು. ಮೂರು ವಾರದಲ್ಲಿ ಐವರ ಕೃತಿ ಸಿದ್ಧವಾಯಿತು.

ಹುಡುಗ ಕಿಲಾಡಿ. ಎರಡನೆಯ ಭಾಗ ನಿಧಾನ ಗತಿಯದು. ಅದರಲ್ಲಿ ಮೊದಲು ಕ್ವಾಂಟರು ರಾಗ ಎಳೆಯಬೇಕು, ಟೀಲೆ ತಗ್ಗಿನ ಸ್ವರಗಳಲ್ಲಿ ಬೆರಳಿನಿಂದ ತಂತಿ ಮೀಟಬೇಕು, ನಡುವೆ ಅದಲುಬದಲು. ಆ ಗಳಿಗೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದಿದ್ದರೆ ಎಲ್ಲ ಎಡವಟ್ಟು. ಇವರೋ ಎದುರುಬದುರು ಗೋಡೆಗಳನ್ನು ನೋಡಿಕೊಂಡು ನುಡಿಸುವವರು. ಮಾತೇನಿದ್ದರೂ ನಡುವೆ ಕೂತ ನನ್ನ ಮೂಲಕ.

"ಮೇಷ್ಟ್ರೇ, ಆ ಕಡೆಯವರಿಗೆ ಹೇಳಿ, ಸ್ವರ ತಗ್ಗಿದೆ ಅಂತ," ಎಂದು ಕ್ವಾಂಟರು.

"ತಗ್ಗಿರೋದು ಸ್ವರ ಅಲ್ಲ, ಅವರ ಕಿವಿ ಅಂತ ಹೇಳಿ ಮೇಷ್ಟ್ರೇ," ಎಂದು ಟೀಲೆ.

ಆರು ವಾರ ಅಭ್ಯಾಸ ಮಾಡಿದೆವು. ಅದಲುಬದಲು ಒಂದು ಸಲವೂ ಸರಿಬರಲಿಲ್ಲ. ವೆಂಡ್ರಿಖ್ ಉಗುರು ಕಡಿದುಕೊಂಡ.

ನವೆಂಬರಿನಲ್ಲಿ ನೇಕಾರರ ಸಂಘದ ಸಭಾಂಗಣದಲ್ಲಿ ಕಛೇರಿ. ಊರಿಗೆ ಊರೇ ಸೇರಿತ್ತು; ಹೆಚ್ಚಿನವರು ಬಂದದ್ದು ಜಗಳ ನೋಡಲು. ಒಲೆಯ ಕಾವಿಗೆ ವಾದ್ಯಗಳು ಬಿಸಿಯಾಗಿದ್ದವು. ಎರಡನೆಯ ಭಾಗದಲ್ಲಿ ರಾಗ ಮೇಲೇರುತ್ತಿದ್ದಾಗ ಕ್ವಾಂಟರ ಚೆಲ್ಲೋದ ಮೇಲಿನ ಸ್ವರದ ತಂತಿ ಪಟ್ಟೆಂದು ಹರಿಯಿತು.

ನಾನು ಕಣ್ಣು ಮುಚ್ಚಿದೆ. ಆದರೆ ರಾಗ ನಿಲ್ಲಲಿಲ್ಲ. ಕ್ವಾಂಟರು ಬಿಟ್ಟ ಸ್ವರದಿಂದಲೇ ಟೀಲೆ ಎತ್ತಿಕೊಂಡಿದ್ದ, ಅದೂ ಹಾಳೆ ನೋಡದೆ. ಕ್ವಾಂಟರು ಮೊದಲ ಸಲ ಆ ಕಡೆ ತಿರುಗಿದರು. ಟೀಲೆ ತಲೆಯಾಡಿಸಿದ. ಇವರು ಕಮಾನು ತೊಡೆಯ ಮೇಲಿಟ್ಟು, ಉಳಿದ ಮೂರು ತಂತಿಗಳಲ್ಲಿ ಟೀಲೆಯ ಪಾಲನ್ನು ಮೀಟತೊಡಗಿದರು. ಅದೂ ಬಾಯಿಪಾಠ. ತಪ್ಪು ಹಿಡಿಯಲೆಂದೇ ಇಬ್ಬರೂ ಮನೆಯಲ್ಲಿ ಕದ್ದು ಒಬ್ಬರದನ್ನೊಬ್ಬರು ಕಲಿತಿದ್ದರು.

ತಂತಿ ಹರಿದಾಗ ಮೈದುನ ನಗುತ್ತಾನೆಂದೇ ಎಣಿಸಿದ್ದೆ ಎಂದು ಕ್ವಾಂಟರು ಆಮೇಲೆ ನನ್ನೊಡನೆ ಹೇಳಿಕೊಂಡರು. ಕಣ್ಣು ಮಂಜಾದದ್ದು ಕಮಾನಿಗೆ ತಿಕ್ಕುವ ರಾಳದ ಪುಡಿಯಿಂದ ಎಂದೂ ಸೇರಿಸಿದರು.

ಚಪ್ಪಾಳೆ ನಿಂತ ಮೇಲೆ ಅವರು ಟೀಲೆಯತ್ತ ಬಾಗಿ, ಹನ್ನೊಂದು ವರ್ಷದ ಮೇಲೆ ಬಾಯಿ ಬಿಟ್ಟರು. "ಆ ಮೇಲಿನ ಸ್ವರ ಜಾಸ್ತಿ ಎಳೆದೆ ನೀನು."

"ನೀವು ದಿನಾ ಎಳೆಯೋ ಹಾಗೇ ಎಳೆದೆ ಭಾವ," ಎಂದ ಟೀಲೆ.

ವೆಂಡ್ರಿಖ್ ವಸಂತದಲ್ಲಿ ಊರು ಬಿಟ್ಟ. ಐವರ ಕೃತಿಯನ್ನು ಮೂವರು ಪ್ರಕಾಶಕರು ಹಿಂದಿರುಗಿಸಿದರು. ಹೆಸರು ಬಂದ ಮೇಲೆ ಅವನೇ ಅದನ್ನು ಮರೆತ. ಕ್ವಾಂಟರು ಮರೆಯಲಿಲ್ಲ. ಒಬ್ಬ ಪ್ರಕಾಶಕನಿಗೆ ಒಂಬತ್ತು ಪುಟದ ಕಾಗದ ಬರೆದರು. ಒಂದು ಚೆಲ್ಲೋ ಕಮ್ಮಿ ಮಾಡಿ ಕಳಿಸಿ ಎಂದು ಒಂದು ಸಾಲಿನ ಉತ್ತರ ಬಂತು. ಅದನ್ನು ಟೀಲೆಯ ಮುಂದಿಟ್ಟು, "ಯಾರನ್ನಯ್ಯಾ ಕಮ್ಮಿ ಮಾಡೋದು?" ಎಂದು ಕೇಳಿದರು. ಆ ಸಂಜೆಯೆಲ್ಲ ಇಬ್ಬರೂ ಅದೇ ಚರ್ಚೆ ಮಾಡಿದರು, ಬಿಯರ್ ಮುಗಿಯುವವರೆಗೆ.

ವೆಂಡ್ರಿಖ್‌ನ ಜಾಗಕ್ಕೆ ಬೇರೊಬ್ಬ ಪಿಟೀಲಿನವನನ್ನು ಕೂರಿಸಿಕೊಂಡು ಇಪ್ಪತ್ತಾರು ಚಳಿಗಾಲ ಅದನ್ನು ನುಡಿಸಿದೆವು. ಕ್ವಾಂಟರು ತೀರಿಕೊಂಡ ಮೇಲೆ ಅಂಗಡಿಗೆ ಬಂದ ಹೊಸಬನೂ ಚೆಲ್ಲೋ ಬಲ್ಲವನೇ, ನುಡಿಸುವ ಕೈ ಬಲು ಶುದ್ಧ. ಟೀಲೆ ಅವನೊಡನೆ ಒಂದು ಸಲ ಕೊನೆಯವರೆಗೂ ನುಡಿಸಿದ. ಆಮೇಲೆ ವಾದ್ಯವನ್ನು ಪೆಟ್ಟಿಗೆಯೊಳಗಿಡುತ್ತ ನನ್ನ ಕಿವಿಯಲ್ಲಿ, "ಒಳ್ಳೇ ಹುಡುಗ ಮೇಷ್ಟ್ರೇ. ಬೈಯೋಕೆ ಒಂದು ತಪ್ಪೂ ಮಾಡಲ್ಲ," ಎಂದ. ಮತ್ತೆ ಅಭ್ಯಾಸಕ್ಕೆ ಬರಲಿಲ್ಲ.