ಪ್ರೇಮಾನಂದ ಬಿಟ್ಟ ಸಾಲು

ಕುಂದಾಪುರದ ಹೊಳೆಬದಿಯ ಹೆಂಚಿನ ಕಾರ್ಖಾನೆಗೆ ತಾಗಿಕೊಂಡು ಕ್ರೈಸ್ತ ಕೆಲಸಗಾರರ ಸಾಲುಮನೆಗಳಿದ್ದವು. ಮನೆಮನೆಯ ನಡುವಿನ ಗೋಡೆ ಮಾಡಿನವರೆಗೆ ಮುಟ್ಟುತ್ತಿರಲಿಲ್ಲ. ಒಬ್ಬರ ಮನೆಯ ಕೆಮ್ಮು, ಜಗಳ, ಒಗ್ಗರಣೆ ಎಲ್ಲವೂ ಆಚೆಯವರ ಪಾಲಿಗೂ ಬರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಎಲ್ಲ ಮನೆಗಳಲ್ಲೂ ಕರ್ತನ ಪ್ರಾರ್ಥನೆ. ಅದನ್ನು ಎತ್ತುವವನು ಪ್ರೇಮಾನಂದ. ಅವನ ಗಂಟಲು ಹೊಳೆಯಾಚೆಯ ಗಂಗೊಳ್ಳಿಯ ದೋಣಿಯವರಿಗೂ ಕೇಳುವಂಥದ್ದು. ಅವನು ಶುರು ಮಾಡಿದನೆಂದರೆ ಇಡೀ ಸಾಲು ಒಂದೇ ಬಾಯಾಗುತ್ತಿತ್ತು.

ಎರಡನೇ ಮಹಾಯುದ್ಧ ಬಂತು. ಬರ್ಮಾದ ಅಕ್ಕಿ ನಿಂತಿತು. ಅಳೆದು ಕೊಡುವ ರೇಷನ್ ಅಕ್ಕಿಯಲ್ಲಿ ಕಲ್ಲೇ ಜಾಸ್ತಿ. ಅದೇ ಮಳೆಗಾಲ ಹೆಂಚು ಒತ್ತುವ ಯಂತ್ರಕ್ಕೆ ಪ್ರೇಮಾನಂದನ ಬಲಗೈ ಸಿಕ್ಕಿ ಬೆರಳುಗಳು ಹೋದವು, ಕೆಲಸವೂ ಹೋಯಿತು. ಹೆಂಡತಿ ಚಂದ್ರಾವತಿ ಮಾನಕ್ಕೆ ಅಂಜುವವಳು. ಒಲೆಯ ಮೇಲೆ ಬರೀ ನೀರು ಕುದಿಸಿ, ಆಚೆಮನೆಗೆ ಕೇಳಲೆಂದು ಸೌಟು ಆಡಿಸುತ್ತಿದ್ದಳು. ಒಂದು ಸಂಜೆ ಆ ಸದ್ದು ಕೇಳಿ ಮಗಳು ಬೇಬಿ ಬಟ್ಟಲು ಹಿಡಿದು ಬಂದು ಕೂತಳು.

ಪ್ರೇಮಾನಂದ ಪ್ರಾರ್ಥನೆ ಎತ್ತಿದ್ದ. 'ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು' ಎಂದು ಅನ್ನ ಬೇಡುವ ಸಾಲು ಬಂತು. ಖಾಲಿ ಬಟ್ಟಲು ನೋಡಿ ಬಾಯಿ ಮುಚ್ಚಿದ. ಉಳಿದ ಮನೆಗಳು ತಡವರಿಸಿ ಆ ಸಾಲು ದಾಟಿದವು. ಮುಂದಿನ ಸಾಲಿಗೆ ಇವನ ಗಂಟಲು ಮತ್ತೆ ಎದ್ದಿತು.

"ಎಂತಕ್ಕೆ ಬಿಟ್ರಿ?" ಚಂದ್ರಾವತಿ ಪಿಸುಗುಟ್ಟಿದಳು.

"ಸುಳ್ಳ್ ಹೇಳುಕಾತಿಲ್ಲೆ. ಮೇಲೆ ಕೇಂಬವ ಇದ್ದಿದ್ರೆ ಇಷ್ಟೊತ್ತಿಗೆ ಕೇಂತಿದ್ದ."

ಗೋಡೆಯಾಚೆ ಒಂಟಿ ಮುದುಕಿ ಸುಗುಣಕ್ಕ. ಅವಳ ಕಿವಿ ಬಲು ಚುರುಕು. "ಹ್ವಾಯ್ ಪ್ರೇಮಾನಂದ, ಒಂದ್ ಸಾಲ್ ಎಲ್ಲಿಗ್ ಹೋಯ್ತ್?"

"ನುಂಗ್ದೆ. ನುಂಗುಕೆ ಮನೆಯಗೆ ಬೇರೆಂತ ಇಲ್ಲೆ!"

ಮರುಸಂಜೆ ಅವನು ಅದೇ ಸಾಲಿಗೆ ಬಾಯಿ ಮುಚ್ಚಿದಾಗ, ಗೋಡೆಯ ಮೇಲಿನ ಸಂದಿನಲ್ಲಿ ಒಂದು ಗಂಜಿಯ ಪಾತ್ರೆ ಕಾಣಿಸಿತು. ಪ್ರೇಮಾನಂದನಿಗೆ ಸಿಟ್ಟು ನೆತ್ತಿಗೇರಿತು.

"ನಾ ಬೇಡ್ಲಿಲ್ಲ!"

"ನೀ ದಿನಾ ಗಂಟ್ಲ್ ಹರ್ಕಂಡ್ ಹೇಳುವಾಗ, ಉಂಡ್ಕಂಡ್ ಇದ್ದ್ರ್ ಅಂದೇಳಿ ನಾ ನಿದ್ರಿ ಮಾಡ್ದೆ. ಬಾಯ್ ಮುಚ್ಚಿದ್ಮೇಲೆ ಕೇಂಡ್ತ್ ನಂಗೆ. ಸಿಟ್ಟ್ ಆಮೇಲ್ ಮಾಡ್, ಮೊದ್ಲ್ ಹಿಡ್ಕೊ ಮಾರಾಯ, ಕೈ ಸೋಲ್ತಿತ್ತ್!"

ಎಡಗೈಯಲ್ಲಿ ಹಿಡಿದ. ಬೇಬಿ ಉಂಡಳು. ಆದರೂ ಆ ಸಾಲು ಅವನ ಬಾಯಿಗೆ ಬರಲಿಲ್ಲ. ಹಟ ಅಂದರೆ ಹಟ. ಕೇಳುವವನಿಲ್ಲ ಎಂದಿದ್ದೆನಲ್ಲ, ಹಾಗಾದರೆ ಈ ಮುದುಕಿಗೆ ಕೇಳಿಸಿದವನು ಯಾರು? ಈ ಪ್ರಶ್ನೆ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಕೂತಿತು. ಅಷ್ಟರಲ್ಲಿ ಬೇರೆ ಮನೆಗಳಿಂದಲೂ ಒಂದೊಂದು ದಿನ ಗೆಣಸು, ಒಂದೊಂದು ದಿನ ಸುಟ್ಟ ಬಂಗುಡೆ ಮೀನು ಬಂದವು. ಬೇಸಿಗೆ ಬರುವಾಗ ಅವನಿಗೆ ಕಾರ್ಖಾನೆಯ ಭಟ್ಟಿಗೆ ಕಟ್ಟಿಗೆ ಹಾಕುವ ಕೆಲಸ ಸಿಕ್ಕಿತು. ಎಡಗೈ ಸಾಕಿತ್ತು.

ಮುಂದಿನ ಮಳೆಗಾಲದ ಒಂದು ಸಂಜೆ. ಪ್ರೇಮಾನಂದ ರೂಢಿಯಂತೆ ಆ ಸಾಲಿಗೆ ಸುಮ್ಮನಾದ. ಅವನು ಬಿಟ್ಟ ಸಾಲನ್ನು ಗೋಡೆಯಾಚೆಯಿಂದ ದಿನವೂ ಎಳೆದೆಳೆದು ಹೇಳುತ್ತಿದ್ದ ಸುಗುಣಕ್ಕನ ಸ್ವರ ಅಂದು ಇಲ್ಲ. ಪ್ರಾರ್ಥನೆ ಅರ್ಧಕ್ಕೆ ಬಿಟ್ಟು ಓಡಿದ. ಮುದುಕಿ ಜ್ವರದಲ್ಲಿ ಬಿದ್ದಿದ್ದಳು, ಒಲೆ ತಣ್ಣಗಿತ್ತು. ಚಂದ್ರಾವತಿ ಗಂಜಿ ತಂದಳು. ಅವನೇ ಎಡಗೈಯಲ್ಲಿ ಕುಡಿಸಿದ, ಅರ್ಧ ಅವಳ ಕುತ್ತಿಗೆಗೆ.

"ಆ ಸಾಲ್ ಹೇಳ್ದ್ಯಾ?" ಮುದುಕಿ ಕೇಳಿದಳು.

"ಇಲ್ಲೆ."

"ಇವತ್ತ್ ನೀ ಹೇಳ್. ನಂಗಾತಿಲ್ಲೆ."

ಹೇಳಿದ. ಗಂಗೊಳ್ಳಿಗೆ ಕೇಳುವ ಗಂಟಲು ಅಂದು ಒಡೆದು ಹೋಯಿತು. ಕಾದು ಕೂತಿದ್ದ ಸಾಲುಮನೆ ಅಲ್ಲಿಂದ ಮುಂದಕ್ಕೆ ಎತ್ತಿಕೊಂಡಿತು.

ಸುಗುಣಕ್ಕ ಎದ್ದು ಓಡಾಡಿದಳು. ಪ್ರೇಮಾನಂದ ಆಮೇಲೆ ಆ ಸಾಲನ್ನು ಒಂದು ದಿನವೂ ಬಿಡಲಿಲ್ಲ. "ಕೈ ಹೋದ್ದಕ್ಕೆ ಸ್ತೋತ್ರ ಹೇಳುಕೆ ನಂಗಾತಿಲ್ಲೆ. ಗಂಜಿಗೆ ಹೇಳ್ತೆ, ಸಾಯುವರೆಗೂ ಹೇಳ್ತೆ" ಎನ್ನುತ್ತಿದ್ದ. ಆದರೆ ಆ ಸಾಲಿನ ಮುಂಚೆ ಒಂದು ಗಳಿಗೆ ನಿಲ್ಲುವುದು ಅವನಿಗೆ ಅಭ್ಯಾಸವಾಯಿತು. ಒಂದು ಸಂಜೆ ಅವನ ಮನೆಗೆ ಬಂದ ಹೊಸ ಪಾದ್ರಿಗಳು, ಪಾಪ, ಮರೆತನೆಂದು ಮುಂದಿನ ಮಾತು ಎತ್ತಿಕೊಟ್ಟರು.

"ಮರ್ತದ್ದಲ್ಲ ಅಯ್ಯಾ," ಎಂದ ಪ್ರೇಮಾನಂದ, ಗೋಡೆಯ ಕಡೆ ಕಿವಿ ಇಟ್ಟುಕೊಂಡೇ. "ಯಾರ್ ಮನಿ ಸುಮ್ನಿತ್ತ್ ಅಂದೇಳಿ ಕೇಂತಿದ್ದೆ."