ಕತ್ತರಿ ಗುರುವಿನ ಕುರ್ಚಿ

ಕ್ಷೌರದ ಅಂಗಡಿಗೆ ಜನ ಕೂದಲು ಕತ್ತರಿಸಿಕೊಳ್ಳಲು ಬರುತ್ತಾರೆಂದು ನೀವು ತಿಳಿದಿದ್ದರೆ, ಆ ಬೀದಿಯ ಮೂಲೆಯ ಅಂಗಡಿಯನ್ನು ನೀವು ನೋಡಿಲ್ಲವೆಂದೇ ಅರ್ಥ. ಅಲ್ಲಿ ಕುರ್ಚಿ ಒಂದೇ, ಬೆಂಚು ಮಾತ್ರ ಉದ್ದ. ಬೆಂಚಿನ ಮೇಲೆ ಕೂತವರಲ್ಲಿ ಅರ್ಧಕ್ಕರ್ಧ ಜನರ ತಲೆಯಲ್ಲಿ ಕತ್ತರಿಸಲು ಏನೂ ಉಳಿದಿರಲಿಲ್ಲ. ನಿವೃತ್ತ ಮೇಷ್ಟ್ರಂತೂ ಕಿವಿಯ ಮೇಲೆ ಉಳಿದಿದ್ದ ನಾಲ್ಕೆಳೆಯನ್ನೇ ನೆಪ ಮಾಡಿಕೊಂಡು ದಿನ ಬಿಟ್ಟು ದಿನ ಹಾಜರಾಗುತ್ತಿದ್ದರು. ಎಲ್ಲರೂ ಬರುತ್ತಿದ್ದದ್ದು ಕಥೆ ಕೇಳಲಿಕ್ಕೆ.

ಕಥೆ ಹೇಳುತ್ತಿದ್ದವನು ಅಂಗಡಿಯ ಒಡೆಯ. ಹೆತ್ತವರಿಟ್ಟ ಹೆಸರೊಂದು ಅವನಿಗಿತ್ತು, ಅದು ಕರೆಂಟು ಬಿಲ್ಲಿನಲ್ಲಿ ಮಾತ್ರ ಬದುಕಿತ್ತು. ಬೀದಿಗೆಲ್ಲ ಅವನು ಕತ್ತರಿ ಗುರು. ಮೊದಲು ಯಾರೋ ಗೇಲಿಗೆ ಇಟ್ಟ ಹೆಸರು. ಅವನಿಗೆ ಒಳಗೊಳಗೇ ಹಿತವಾಗಿತ್ತು, ಹಾಗಾಗಿ ಉಳಿದುಕೊಂಡಿತು.

ಕಥೆಗಳು ಅವನ ಸ್ವಂತದವಲ್ಲ. ಊರ ಹೊರಗೆ ಬೌದ್ಧ ಭಿಕ್ಷುಗಳ ಒಂದು ವಿಹಾರವಿತ್ತು. ಅಲ್ಲಿಯ ಹಿರಿಯ ಭಿಕ್ಷುವಿನ ಮಾತು ಕೇಳಲು ದೂರದಿಂದ ಬಸ್ಸು ಮಾಡಿಕೊಂಡು ಜನ ಬರುತ್ತಿದ್ದರು. ಹಿರಿಯರ ಕೈ ನಡುಗುತ್ತಿದ್ದರಿಂದ ಅವರ ತಲೆ ಬೋಳಿಸುವ ಕೆಲಸ ಇವನದಾಗಿತ್ತು. ತಿಂಗಳಿಗೆರಡು ಬೆಳಿಗ್ಗೆ ಪೆಟ್ಟಿಗೆ ಹಿಡಿದು ಹೋಗುತ್ತಿದ್ದ. ಹಿರಿಯರು ಕಣ್ಣು ಮುಚ್ಚಿ ತಲೆ ಒಪ್ಪಿಸಿ, ಹಿಂದಿನ ಗುರುಗಳ ಬದುಕನ್ನು ಒಂದೊಂದಾಗಿ ಹೇಳುತ್ತಿದ್ದರು. ಬಸ್ಸು ಮಾಡಿಕೊಂಡು ಬಂದವರಿಗೆ ದೂರದಿಂದ ಸಿಗುತ್ತಿದ್ದದ್ದು ಇವನಿಗೆ ಅಂಗೈಯಡಿಯಲ್ಲೇ ಸಿಗುತ್ತಿತ್ತು.

ಸಿಕ್ಕಿದ್ದನ್ನು ಅವನು ಅಂಗಡಿಗೆ ತಂದು ಒಗ್ಗರಣೆ ಹಾಕಿ ಬಡಿಸುತ್ತಿದ್ದ. ಒಂಬತ್ತು ವರ್ಷ ಗೋಡೆ ನೋಡುತ್ತ ಕೂತ ಗುರುವಿನ ಕಥೆ ಬಂದಾಗ, “ನಮ್ಮ ಬೆಂಚಿನೋರು ಕನ್ನಡಿ ನೋಡ್ತಾ ಅದಕ್ಕಿಂತ ಜಾಸ್ತಿ ಕೂತಿದಾರೆ, ಇನ್ನೂ ಯಾರಿಗೂ ಜ್ಞಾನೋದಯ ಆಗಿಲ್ಲ” ಎನ್ನುತ್ತಿದ್ದ. ಶಿಷ್ಯನಿಂದ ಗೋಪುರ ಕಟ್ಟಿಸಿ, ಕೆಡವಿಸಿ, ಮತ್ತೆ ಕಟ್ಟಿಸಿದ ಗುರುವಿನ ಕಥೆಗೆ, “ನನ್ನ ಮನೆ ಕಟ್ಟಿದ ಮೇಸ್ತ್ರೀನೂ ಅದೇ ವಂಶ” ಎಂದು ಸೇರಿಸುತ್ತಿದ್ದ. ಬೆಂಚು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಅವನ ಕೈಚಳಕವೆಲ್ಲ ಕಾಣುತ್ತಿದ್ದದ್ದು ಮಾತ್ರ ಬುದ್ಧ ಮನೆ ಬಿಟ್ಟ ರಾತ್ರಿಯ ಕಥೆಯಲ್ಲಿ. ಹೆಂಡತಿ ಮಲಗಿದ್ದಾಳೆ, ಪಕ್ಕದಲ್ಲಿ ಹಸುಗೂಸು. ಕತ್ತರಿ ಗುರು ಕತ್ತರಿ ಕೆಳಗಿಟ್ಟು, ಗಿರಾಕಿಯ ಕೆನ್ನೆಯ ನೊರೆ ಒಣಗುತ್ತಿದ್ದರೂ ಲೆಕ್ಕಿಸದೆ, ತುದಿಗಾಲಲ್ಲಿ ಬಾಗಿಲವರೆಗೆ ಹೋಗುತ್ತಿದ್ದ. ಹೊಸ್ತಿಲ ಮೇಲೆ ನಿಂತು, ಒಮ್ಮೆ ತಿರುಗಿ, ಕುರ್ಚಿಯ ಕಡೆ ನೋಡುತ್ತಿದ್ದ. ಮೇಷ್ಟ್ರು ಪ್ರತಿ ಸಲವೂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ರಾತ್ರಿ ಮನೆಯಲ್ಲಿ ಅದೇ ಕಥೆ ಎರಡನೆಯ ಸಲ ನಡೆಯುತ್ತಿತ್ತು. ಅಲ್ಲಿ ಕೇಳುವವಳು ಹೆಂಡತಿ ಒಬ್ಬಳೇ. ಅವಳು ಅಂಗಡಿಯ ಟವೆಲ್ಲುಗಳನ್ನು ಇಸ್ತ್ರಿ ಮಾಡುತ್ತ ಕೇಳುತ್ತಿದ್ದಳು. ಅಂಗಡಿಯ ಟವೆಲ್ಲು ಒಗೆಯುವುದು, ಕೂದಲು ಕೊಡವಿ ಬಿಸಿನೀರಲ್ಲಿ ಕುದಿಸುವುದು, ಒಣಗಿಸಿ ಮಡಚಿ ಮಧ್ಯಾಹ್ನ ಅಂಗಡಿಗೆ ತಂದಿಡುವುದು, ಎಲ್ಲ ಅವಳದೇ. ಕಥೆ ಮುಗಿದ ಮೇಲೆ ಅವಳದೊಂದು ಪ್ರಶ್ನೆ ಇರುತ್ತಿತ್ತು.

“ಆಮೇಲೆ ಹೆಂಡ್ತಿ ಏನು ಮಾಡಿದ್ಲು ರೀ?”

“ಅಯ್ಯೋ, ಅದು ಕಥೇಲಿ ಬರಲ್ಲ ಕಣೇ.”

“ಬೆಳಿಗ್ಗೆ ಎದ್ದಿರ್ತಾಳಲ್ಲ?”

“ಎದ್ದಿರ್ತಾಳೆ. ಊಟಕ್ಕೆ ಹಾಕು.”

ಉಪ್ಪು ಕಡಿಮೆಯಾದ ದಿನ ಅವನು ಸನ್ಯಾಸದ ಬೆದರಿಕೆ ಹಾಕುತ್ತಿದ್ದ. “ನೋಡು, ನಾನೂ ಒಂದಿನ ಹೀಗೇ ಎದ್ದು ಹೊರಟುಬಿಡ್ತೀನಿ.” ಹಾಗೆ ಹೇಳಿದ ಒಂದು ದಿನ, ಮದುವೆಯಾಗಿ ಪಕ್ಕದ ಊರಲ್ಲಿದ್ದ ಮಗಳೂ ಮನೆಗೆ ಬಂದಿದ್ದಳು. ಹೆಂಡತಿ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು, “ನಾನು ಹೋದ್ರೆ?” ಎಂದಳು. ಕತ್ತರಿ ಗುರು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಹೋಗು, ಯಾರು ಬೇಡ ಅಂದ್ರು? ನಾನೇ ಕುರ್ಚೀಲಿ ಕೂರಿಸಿ ತಲೆ ಬೋಳಿಸಿ ಕಳಿಸ್ತೀನಿ. ಕಾಸೂ ಕೇಳಲ್ಲ.” ಮಾರನೆಯ ದಿನ ಅದನ್ನು ಬೆಂಚಿಗೂ ಹೇಳಿದ. ಬೆಂಚೂ ನಕ್ಕಿತು. ಆಮೇಲೆ ಅದು ಅವನ ಖಾಯಂ ನಗೆಚಟಾಕಿಯಾಯಿತು.

ಹೆಂಡತಿ ಅಂಗಡಿಗೆ ಬಂದದ್ದು ಒಂದು ಮಾಮೂಲಿ ಮಧ್ಯಾಹ್ನ. ಗಿರಾಕಿಗಳಿರಲಿಲ್ಲ, ಮೇಷ್ಟ್ರು ಬೆಂಚಿನ ಮೂಲೆಯಲ್ಲಿ ಪೇಪರು ಮುಖದ ಮೇಲೆ ಹಾಕಿಕೊಂಡು ತೂಕಡಿಸುತ್ತಿದ್ದರು. ಅವಳು ದಿನದಂತೆ ಟವೆಲ್ಲುಗಳನ್ನು ಕಪಾಟಿನಲ್ಲಿ ಜೋಡಿಸಿದಳು. ದಿನದಂತೆ ಹೊರಡಲಿಲ್ಲ. ಬಂದು ಕುರ್ಚಿಯಲ್ಲಿ ಕೂತಳು. ತುರುಬು ಬಿಚ್ಚಿ, ಪಿನ್ನುಗಳನ್ನು ಕನ್ನಡಿಯ ಮುಂದಿನ ಹಲಗೆಯ ಮೇಲೆ ಇಟ್ಟಳು.

“ಬೋಳಿಸಿ” ಎಂದಳು.

ಅವನು ನಕ್ಕ. ನಗು ಅರ್ಧ ದಾರಿಯಲ್ಲೇ ನಿಂತಿತು, ಏಕೆಂದರೆ ಕನ್ನಡಿಯಲ್ಲಿದ್ದ ಮುಖ ನಗುತ್ತಿರಲಿಲ್ಲ.

“ಏನೇ ಇದು? ಹುಷಾರಿಲ್ವಾ? ತಲೆ ನೋವಾ?”

“ಇವತ್ತೇ ಸಂಜೆ ವಿಹಾರಕ್ಕೆ ಸೇರ್ಕೊಳ್ತೀನಿ ರೀ. ಅಲ್ಲಿಯ ಭಿಕ್ಷುಣಿ ಅಮ್ಮನಿಗೆ ಹೇಳಿದೀನಿ. ಗಂಡ ಒಪ್ಪಿರಬೇಕು ಅಂದ್ರು. ಒಪ್ಪಿದಾರೆ, ಅವರೇ ಬೋಳಿಸಿ ಕಳಿಸ್ತೀನಿ ಅಂದಿದಾರೆ ಅಂದೆ.”

ಮೇಷ್ಟ್ರ ಮುಖದಿಂದ ಪೇಪರು ಜಾರಿತು. ಅವರು ಎದ್ದು, ಒಂದು ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಹೊರಟುಹೋದರು. ಕತ್ತರಿ ಗುರುವಿಗೆ ಅದು ಕಾಣಲಿಲ್ಲ. ಅವನು ಹಲಗೆಯ ಮೇಲಿನ ಪಿನ್ನುಗಳನ್ನು ಬಾಚಿ ಅವಳ ಮಡಿಲಿಗೆ ಹಾಕಿದ.

“ಅದು ತಮಾಷೆ ಕಣೇ!” ಎಂದ. “ತಮಾಷೆಗೆ ಹೇಳಿದ್ದನ್ನ ಯಾರಾದ್ರೂ ಹೀಗೆ ಹಿಡ್ಕೋತಾರಾ? ನಾನು ಏನು ಕಮ್ಮಿ ಮಾಡಿದೀನಿ ನಿನಗೆ? ಒಂದಿನ ಕೈ ಎತ್ತಿದೀನಾ? ಒಂದಿನ ಕುಡಿದು ಬಂದಿದೀನಾ?”

“ಇಲ್ಲ ರೀ. ನಿಮ್ಮ ಮೇಲೆ ಸಿಟ್ಟಿಲ್ಲ.”

“ಮತ್ತೆ?”

“ಇಷ್ಟು ವರ್ಷ ನೀವು ಹೇಳಿದ್ದನ್ನ ನಾನು ನಿಜ ಅಂತಲೇ ಕೇಳ್ತಿದ್ದೆ” ಎಂದಳು ಅವಳು. ಸ್ವಲ್ಪ ತಡೆದು, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು, “ನೀವು ನಿಜ ಅಂತ ಹೇಳ್ತಿರಲಿಲ್ವಾ?”

ಅವನು ಅಂಗಡಿಯಿಂದ ಇಳಿದ. ವಿಹಾರದ ದಾರಿಯಲ್ಲಿ ದಾಪುಗಾಲು ಹಾಕುತ್ತ ಮಗಳಿಗೆ ಫೋನು ಮಾಡಿದ. “ನಿಮ್ಮಮ್ಮನ ವಿಷಯ ನಿನಗೆ ಗೊತ್ತಿತ್ತಾ?”

“ಅಪ್ಪ, ನಿಮಗೆ ಗೊತ್ತಿರ್ಲಿಲ್ವಾ? ಎಷ್ಟು ವರ್ಷದಿಂದ ಅಮ್ಮ ಸಂಜೆ ಬೋಧನೆಗೆ ಹೋಗ್ತಾರೆ. ನಿಮಗೆ ಹೇಳೇ ಹೋಗ್ತಿದ್ರಲ್ಲ?”

ಹೇಳಿಯೇ ಹೋಗುತ್ತಿದ್ದಳು. ಈಗ ನೆನಪಾಯಿತು. ಅಂಗಡಿಯ ಬಾಗಿಲಲ್ಲಿ ನಿಂತು “ವಿಹಾರಕ್ಕೆ ಹೋಗಿ ಬರ್ತೀನಿ” ಅನ್ನುತ್ತಿದ್ದಳು, ಅವನು ಬೆಂಚಿನ ಕಡೆ ಮುಖ ಮಾಡಿಕೊಂಡೇ “ಹೂಂ” ಅನ್ನುತ್ತಿದ್ದ. ಆ ಹೂಂಗಳೆಲ್ಲ ಒಟ್ಟಿಗೆ ಎದೆಗೆ ಬಂದು ಗುದ್ದಿದಂತಾಗಿ, ಅವನು ರಸ್ತೆ ಬದಿಯ ಕಂಬ ಹಿಡಿದು ನಿಂತ.

ಹಿರಿಯ ಭಿಕ್ಷು ಜಗುಲಿಯ ಮೇಲೆ ಬಿಸಿಲು ಕಾಯುತ್ತ ಕೂತಿದ್ದರು. ಇವನು ನಮಸ್ಕಾರವನ್ನೂ ಮಾಡಲಿಲ್ಲ.

“ನಿಮ್ಮಿಂದ ನನ್ನ ಮನೆ ಹಾಳಾಯ್ತು ಗುರುಗಳೇ! ಹೆಂಡ್ತಿ ತಲೆ ಕೆಡಿಸಿಬಿಟ್ರಿ!”

“ಕೂತ್ಕೊಳಪ್ಪ” ಎಂದರು ಹಿರಿಯರು. “ಅವಳಿಗೆ ನಾನೇನು ಹೇಳಿದೆ? ಅವಳು ಹಿಂದಿನ ಸಾಲಲ್ಲಿ ಕೂರ್ತಿದ್ಲು. ಇಲ್ಲಿಗೆ ಬರೋ ಹೊತ್ತಿಗೇ ಎಲ್ಲಾ ಕಥೆ ಬಾಯಿಪಾಠ ಆಗಿತ್ತು ಅವಳಿಗೆ. ಯಾರು ಹೇಳಿದ್ರು ಅಂತ ಕೇಳಿದ್ರೆ, ಮನೆಯವರು ಅಂದ್ಲು.”

ಕತ್ತರಿ ಗುರು ಕೂತ.

“ನಾನು ಬೇಡ ಅಂದ್ರೆ?”

“ಸೇರಿಸ್ಕೊಳ್ಳಲ್ಲ. ಅದು ಬುದ್ಧನ ಕಾಲದ ಕಟ್ಟಳೆ. ಅವನು ತನ್ನ ಮಗನನ್ನೂ ಭಿಕ್ಷು ಮಾಡ್ಕೊಂಡ ದಿನ ಅವನ ಮುದಿ ತಂದೆ ಅಳ್ತಾ ಬಂದ. ನೀನು ಹೋದಾಗ್ಲೇ ನಾನು ಅರ್ಧ ಸತ್ತೆ, ಈಗ ಮೊಮ್ಮಗನೂ ಹೋದ, ಇನ್ನು ಮೇಲಾದ್ರೂ ಮನೆಯವರನ್ನ ಕೇಳದೆ ಯಾರನ್ನೂ ಸೇರಿಸ್ಕೋಬೇಡ ಅಂತ ಬೇಡ್ಕೊಂಡ. ಬುದ್ಧ ಒಪ್ಪಿದ. ಅವತ್ತಿಂದ ಕೇಳೋದು ಬಂತು. ನೀನು ಬೇಡ ಅನ್ನು, ಅಲ್ಲಿಗೆ ಮುಗೀತು.”

“ಅಷ್ಟೇನಾ?”

“ಅಷ್ಟೇ. ನಾಳೆ ಎದ್ದು ಟವೆಲ್ ಒಗೀತಾಳೆ.”

ಹೋದ ಜೀವ ಬಂದಂತಾಗಿ ಅವನು ಎದ್ದ. ಹಿರಿಯರು ಅವನನ್ನೇ ನೋಡುತ್ತಿದ್ದರು.

“ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಇಷ್ಟು ವರ್ಷ ಇಷ್ಟು ಹತ್ತಿರದಲ್ಲಿ ನಿಂತು ಕೇಳಿದವನು ನೀನೊಬ್ಬನೇ. ಒಂದಿನ ನೀನು ಬಂದು ನನ್ನನ್ನೂ ಸೇರಿಸ್ಕೊಳ್ಳಿ ಅಂತೀಯ ಅಂತ ನಾನು ಕಾಯ್ತಾನೇ ಇದ್ದೆ. ನೀನು ಬರಲಿಲ್ಲ. ಅವಳು ಬಂದ್ಲು.”

ವಾಪಸು ಬರುವ ದಾರಿ ಅವನಿಗೆ ನೆನಪಿಲ್ಲ. ತಾನು ಬರಬೇಕಾಗಿತ್ತು ಅನ್ನುವುದು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು. ಆ ಸಿಟ್ಟನ್ನು ಆರದಂತೆ ಕಾಪಾಡಿಕೊಂಡು ಅಂಗಡಿ ಮುಟ್ಟಿದ.

ಅವಳು ಕುರ್ಚಿಯಲ್ಲೇ ಇದ್ದಳು. ಗಿರಾಕಿಗೆ ಹೊದಿಸುವ ಬಿಳಿ ಬಟ್ಟೆಯನ್ನು ತಾನೇ ಹೊದ್ದುಕೊಂಡಿದ್ದಳು. ಅವನು ಅವಳ ಹಿಂದೆ ನಿಂತು, ಕನ್ನಡಿ ನೋಡಿಕೊಂಡು, ಆಗಷ್ಟೇ ಕೇಳಿದ್ದ ಮುದಿ ತಂದೆಯ ಕಥೆ ಹೇಳಿದ. ಅಳುವ ಜಾಗದಲ್ಲಿ ಅತ್ತ. ಈ ಸಲ ಅಭಿನಯ ಬೇಕಾಗಲಿಲ್ಲ.

ಅವಳು ಪೂರ್ತಿ ಕೇಳಿದಳು. “ಅದಕ್ಕೇ ತಾನೇ ಕೇಳ್ತಿರೋದು” ಎಂದಳು. “ನೀವು ಮಲಗಿದ್ದಾಗ ಎದ್ದು ಹೋಗ್ಲಿಲ್ಲ ನಾನು. ಹಾಡಹಗಲು, ನಿಮ್ಮ ಕುರ್ಚೀಲೇ ಕೂತು ಕೇಳ್ತಿದೀನಿ.”

“ಬೇಡ ಅಂದ್ರೆ?”

“ಮನೆಗೆ ಹೋಗಿ ಅಡುಗೆ ಮಾಡ್ತೀನಿ. ಇನ್ನೊಂದು ಸಲ ಕೇಳಲ್ಲ. ಸಿಟ್ಟೂ ಮಾಡ್ಕೊಳ್ಳಲ್ಲ.”

ಅವಳು ಅತ್ತಿದ್ದರೆ, ಜಗಳ ತೆಗೆದಿದ್ದರೆ ಅವನು ಗೆಲ್ಲುತ್ತಿದ್ದ. ಮಾತಿನಲ್ಲಿ ಅವನನ್ನು ಮೀರಿಸಿದವರಿಲ್ಲ. ಆದರೆ ಅವಳು ಹೇಳಿದಂತೆಯೇ ಮಾಡುವವಳು. ಎದ್ದು ಹೋಗಿ ಅಡುಗೆ ಮಾಡುತ್ತಾಳೆ, ಇಸ್ತ್ರಿ ಮಾಡುತ್ತ ನಾಳೆ ರಾತ್ರಿಯೂ ಕಥೆ ಕೇಳುತ್ತಾಳೆ. ಆ ಮುಖದ ಎದುರು ಇನ್ನು ತಾನು ಯಾವ ಕಥೆ ಹೇಳಲಿ? ಹೊಸ್ತಿಲ ಮೇಲೆ ನಿಂತು ತಿರುಗಿ ನೋಡುವುದನ್ನು ಯಾವ ಮುಖ ಹೊತ್ತು ಮಾಡಲಿ? ಬೇಡ ಎಂಬ ಎರಡಕ್ಷರ ಬಾಯಿಯವರೆಗೆ ಬಂತು. ಅವನು ಅದನ್ನು ಉಗುಳಿನ ಜೊತೆ ನುಂಗಿದ.

ಬಾಚಣಿಗೆ ಎತ್ತಿಕೊಂಡ. ಊರಿನ ತಲೆಗಳನ್ನೆಲ್ಲ ಬಲ್ಲವನು, ಯಾರ ಸುಳಿ ಎಲ್ಲಿದೆ, ಯಾರ ಗಾಯ ಯಾವ ಜಗಳದ್ದು ಎಂದು ಕಣ್ಣು ಮುಚ್ಚಿ ಹೇಳುವವನು, ಹೆಂಡತಿಯ ತಲೆಯನ್ನು ಅವತ್ತೇ ಮೊದಲು ನೋಡಿದ. ಸುಳಿ ಎರಡಿದ್ದವು. ಎಡಗಿವಿಯ ಹಿಂದೆ ಬೆರಳುದ್ದದ ಹಳೆಯ ಗಾಯ.

“ಇದು ಯಾವಾಗ ಆಯ್ತೇ?”

“ಮದುವೆಯಾದ ವರ್ಷ. ಕಿಟಕಿ ಬಾಗಿಲು ಬಡೀತು. ನೀವೇ ಹತ್ತಿ ತಂದುಕೊಟ್ಟಿದ್ರಿ.”

ಅವನಿಗೆ ನೆನಪಾಗಲಿಲ್ಲ. ಎಷ್ಟು ಕೆದಕಿದರೂ ನೆನಪಾಗಲಿಲ್ಲ.

ಕತ್ತರಿ ಆಡಿತು. ಆಮೇಲೆ ನೊರೆ, ಆಮೇಲೆ ಹೊಸ ಬ್ಲೇಡು. ಗಾಯದ ಮೇಲೆ ಕೈ ತಂತಾನೇ ನಿಧಾನವಾಯಿತು. ಮುಗಿದ ಮೇಲೆ ಅಭ್ಯಾಸಬಲದಿಂದ ಕೈಗನ್ನಡಿಯನ್ನು ಅವಳ ತಲೆಯ ಹಿಂದೆ ಹಿಡಿದು, “ಸರಿಯಾಗಿದೆಯಾ ನೋಡಿ” ಎಂದುಬಿಟ್ಟ, ಗಿರಾಕಿಗೆ ಹೇಳುವ ಹಾಗೆ. ಅವಳು ತಲೆ ಸವರಿಕೊಂಡು ನಕ್ಕಳು. “ತಣ್ಣಗಿದೆ ರೀ.”

ಹೊಸ್ತಿಲ ಹತ್ತಿರ ನಿಂತು ಅವಳು “ಹೋಗ್ತೀನಿ” ಎಂದಳು.

“ಹೋಗಿ ಬರ್ತೀನಿ ಅನ್ನೇ” ಎಂದು ಗದರಿದ. ಆಮೇಲೆ “ಹೋಗು” ಎಂದ. ಅವಳು ತಿರುಗಿ ನೋಡಿದಳು. ಅವನ ಕಥೆಯಲ್ಲಿ ಬುದ್ಧ ನೋಡುತ್ತಿದ್ದಷ್ಟು ಹೊತ್ತು ನೋಡಲಿಲ್ಲ.

ಎಷ್ಟೋ ದಿನ ಅಂಗಡಿಯಲ್ಲಿ ಕಥೆಯಿರಲಿಲ್ಲ. ಬೆಂಚು ಅರ್ಧ ಖಾಲಿಯಾಯಿತು. ವಿಹಾರಕ್ಕೆ ಮಾತ್ರ ಅವನು ತಪ್ಪದೆ ಹೋಗಿ ಹಿರಿಯರ ತಲೆ ಬೋಳಿಸಿ, ತಲೆ ತಗ್ಗಿಸಿಕೊಂಡು ಬರುತ್ತಿದ್ದ. ಕೊನೆಗೊಂದು ದಿನ ಮೇಷ್ಟ್ರೇ ಧೈರ್ಯ ಮಾಡಿದರು. “ಮನೆ ಬಿಟ್ಟ ರಾತ್ರಿಯ ಕಥೆ ಹೇಳಯ್ಯ. ಕೇಳದೆ ಬಹಳ ದಿನ ಆಯ್ತು.”

ಅವನು ಹೇಳಿದ. ಕತ್ತರಿ ಕೆಳಗಿಡಲಿಲ್ಲ, ತುದಿಗಾಲಲ್ಲಿ ನಡೆಯಲಿಲ್ಲ. ಮಲಗಿದ್ದ ಹೆಂಡತಿ, ಪಕ್ಕದ ಕೂಸು, ತೆರೆದ ಬಾಗಿಲು ಎಲ್ಲ ಬಂದವು. ಮೇಷ್ಟ್ರು ಕನ್ನಡಕ ತೆಗೆಯುವುದಕ್ಕೆ ಕೈ ಎತ್ತಿದರು, ಏಕೆಂದರೆ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಅವನು ನಿಲ್ಲಿಸಲಿಲ್ಲ.

“ಬೆಳಿಗ್ಗೆ ಎದ್ಲು” ಎಂದ. “ಪಕ್ಕದಲ್ಲಿ ಯಾರೂ ಇರಲಿಲ್ಲ. ಒಲೆ ಹಚ್ಚಿದ್ಲು, ನೀರಿಟ್ಲು...” ಅವನ ಕೈಗಳು ಸೋಪಿನ ನೀರಿಗೆ ಬಿರಿದಿದ್ದವು. ಕಪಾಟಿನಲ್ಲಿ ಅವನೇ ಮಡಚಿಟ್ಟ ಟವೆಲ್ಲುಗಳು ಅಂಕುಡೊಂಕಾಗಿದ್ದವು.

ಕುರ್ಚಿಯಲ್ಲಿದ್ದ ಹೊಸ ಗಿರಾಕಿಗೆ ಇದ್ಯಾವುದೂ ಗೊತ್ತಿರಲಿಲ್ಲ. ನೊರೆ ಮೆತ್ತಿದ ಮುಖ ಎತ್ತಿ, “ಆಮೇಲೆ?” ಎಂದ.

“ಆಮೇಲೆ ಟವೆಲ್ ಒಗೆದ್ಲು” ಎಂದ ಕತ್ತರಿ ಗುರು.