ಕುರಿ ಹಿಂಡಿನ ನಡುವೆ ನರ್ಸಬಾಯಿ

ಜುಗೂಳದ ನಮ್ಮ ಹೊಲಗಳ ಕಡೆ ಮಕ್ಕಳಿಗೆ ಲಸಿಕೆ ಹಾಕಲು ಬರುತ್ತಿದ್ದ ನರ್ಸಬಾಯಿ ಈಗಲೂ ಅರೆನಿದ್ದೆಯಲ್ಲಿ ನನ್ನ ಕಣ್ಣಿಗೆ ಕಟ್ಟುತ್ತಾರೆ. ಕೂಸಿನ ಪಾದವನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದು, “ಸಾವಕಾಶ, ನನಗೇನ್ ಅವಸರಿಲ್ಲವ್ವಾ” ಅನ್ನುತ್ತಿದ್ದರು.

ಒಂದು ಚಳಿಗಾಲ ಕಬ್ಬು ಕಡಿದ ನಮ್ಮ ಹೊಲದಲ್ಲಿ ಕುರಿಗಾರರು ಗೊಬ್ಬರಕ್ಕೆಂದು ಹಿಂಡು ತರುಬಿ, ಅಲ್ಲೇ ಡೇರೆ ಹಾಕಿದ್ದರು. ನರ್ಸಬಾಯಿಯನ್ನು ಕಂಡು ಅಲ್ಲಿನ ತಾಯಿಯೊಬ್ಬಳು ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

“ಬ್ಯಾಡ್ರಿ. ದೊಡ್ಡಾಕಿಗೆ ಸೂಜಿ ಹಾಕ್ಸಿದಾಗ ಜ್ವರಾ ಬಂತು. ಆಕಿನ್ನ ಹೊತಗೊಂಡು ದಿನಾ ಪೂರ್ತಿ ನಡದೇನಿ. ಆಮ್ಯಾಲ ಆಕಿಗೂ ಹಾಕ್ಸಲಿಲ್ಲ. ನಾಳೆ ಮತ್ತ ಹೊಂಡೂದೈತಿ.”

“ಜ್ವರಾ ಬರಬಹುದು, ಖರೇ ಐತಿ” ಎಂದ ನರ್ಸಬಾಯಿ ಪಕ್ಕದಲ್ಲಿ ನಿಂತಿದ್ದ ನಮ್ಮಪ್ಪನ ಕಡೆ ತಿರುಗಿದರು. “ಕಾಕಾ, ನಾಳೆ ಹೊಲಕ್ಕ ನೀರ್ ಬಿಡಬ್ಯಾಡ್ರಿ. ಇವರು ಇನ್ನೊಂದ್ ದಿನಾ ಇಲ್ಲೇ ಇರ್ಲಿ.”

ಅಪ್ಪ ಕುರಿಗಳ ಕಡೆ ನೋಡಿದ. “ಆತು, ಇರ್ಲಿ ಬಿಡವಾ” ಎಂದ. ತಾಯಿ ಮೆಲ್ಲಗೆ ಸೆರಗು ಸರಿಸಿದಳು.

ಮರುದಿನ ಮುಂಜಾನೆ ಕೃಷ್ಣೆಯ ಕಡೆಯಿಂದ ಬಂದ ಮಂಜಿನಲ್ಲಿ ಕುರಿಗಳು ತೇಲಿದಂತೆ ಕಾಣುತ್ತಿದ್ದವು. ನರ್ಸಬಾಯಿ ಆಗಲೇ ಲಸಿಕೆಯ ಡಬ್ಬಿಯೊಂದಿಗೆ ಬಂದು, ಹಿಂದಿನ ದಿನದ ಸೂಜಿಗೆ ರಾತ್ರಿ ಬಂದ ಜ್ವರ ಬಿಟ್ಟಿದ್ದ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ತಾಯಿ ಡೇರೆಯೊಳಗಿಂದ ದೊಡ್ಡ ಮಗಳನ್ನು ಕೈಹಿಡಿದು ಕರೆತಂದಳು.

“ಈಕಿದೂ ಉಳದೈತ್ರಿ. ಹಾಕಿಬಿಡ್ರಿ.”